ಕಲ್ಲಿದ್ದಲು ರಸಾಯನಶಾಸ್ತ್ರ ಮತ್ತು ಇಂಧನ ತಂತ್ರಜ್ಞಾನ: ಡಾ. ಸೈಯದ್ ಹುಸೇನ್ ಜಹೀರ್ ಅವರ ಕಾರ್ಯ ಹಾಗೂ ಕಲಬುರಗಿ ಜಿಲ್ಲೆಯ ಸಿಮೆಂಟ್ ವಲಯ

ಪೀಠಿಕೆ

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ಶಹಾಬಾದ ಮತ್ತು ಚಿಂಚೋಳಿ ತಾಲ್ಲೂಕುಗಳು ಹಾಗೂ ಚಿತ್ತಾಪುರ ತಾಲ್ಲೂಕಿನ ವಾಡಿ ಪಟ್ಟಣವು ರಾಜ್ಯದ ಪ್ರಮುಖ ಸಿಮೆಂಟ್ ಉತ್ಪಾದನಾ ವಲಯಕ್ಕೆ ಸೇರಿವೆ. ಈ ಉದ್ದಿಮೆಗೆ ಅಗತ್ಯವಾದ ಎರಡು ಮುಖ್ಯ ವಸ್ತುಗಳಲ್ಲಿ ಒಂದಾದ ಸುಣ್ಣದ ಕಲ್ಲು ಸ್ಥಳೀಯವಾಗಿ ಹೇರಳವಾಗಿ ದೊರೆಯುತ್ತದೆ. ಇನ್ನೊಂದು ವಸ್ತುವಾದ ಕಲ್ಲಿದ್ದಲು ಈ ಜಿಲ್ಲೆಯಲ್ಲಾಗಲಿ, ರಾಜ್ಯದ ಬೇರೆ ಯಾವುದೇ ಭಾಗದಲ್ಲಾಗಲಿ ದೊರೆಯುವುದಿಲ್ಲ. ಆದುದರಿಂದ ಹೊರಗಿನಿಂದ ಬರುವ ಕಲ್ಲಿದ್ದಲಿನ ಗುಣಮಟ್ಟ, ಅದು ಉರಿಯುವ ರೀತಿ ಮತ್ತು ಅದರಿಂದ ಉಳಿಯುವ ಬೂದಿಯ ವಿಷಯವು ಕಾರ್ಖಾನೆಯ ವೆಚ್ಚಕ್ಕೆ ಮಾತ್ರವಲ್ಲದೆ ಸುತ್ತಲಿನ ಗ್ರಾಮಗಳ ಗಾಳಿ, ಬೆಳೆ ಮತ್ತು ಆರೋಗ್ಯಕ್ಕೂ ಸಂಬಂಧಿಸಿದೆ.

ಈ ಪ್ರದೇಶಕ್ಕೆ ಅತ್ಯಂತ ಸಮೀಪವಾದ ಕಲ್ಲಿದ್ದಲು ಸಂಶೋಧನೆಯು ಹೈದರಾಬಾದಿನಲ್ಲಿ ನಡೆದಿದೆ. ಅದನ್ನು ರೂಪಿಸಿದವರಲ್ಲಿ ಡಾ. ಸೈಯದ್ ಹುಸೇನ್ ಜಹೀರ್ ಅವರು ಪ್ರಮುಖರು. ಸದರಿ ಸಂಶೋಧನೆಯ ಪರಿಚಯ, ಕಲ್ಲಿದ್ದಲಿನ ರಸಾಯನಶಾಸ್ತ್ರದ ಮೂಲಾಂಶಗಳು, ಸಿಮೆಂಟ್ ಗೂಡಿನಲ್ಲಿ ಅದರ ಬಳಕೆ ಮತ್ತು ಈ ಸಂಬಂಧ ನಾಗರಿಕರಿಗೆ ಲಭ್ಯವಿರುವ ಅವಕಾಶಗಳನ್ನು ಈ ಕೆಳಗೆ ವಿವರಿಸಲಾಗಿದೆ.

ಪ್ರದೇಶದ ಹಿನ್ನೆಲೆ

ಈ ತಾಲ್ಲೂಕುಗಳ ಸುಣ್ಣದ ಕಲ್ಲು ಭೂವಿಜ್ಞಾನದಲ್ಲಿ ಭೀಮಾ ಶ್ರೇಣಿ ಎಂದು ಕರೆಯಲಾಗುವ ಪದರಗಳಿಗೆ ಸೇರಿದೆ. ನೆಲಕ್ಕೆ ಹಾಸಲು ಬಳಸುವ ಶಹಾಬಾದ್ ಕಲ್ಲು ಅಥವಾ ಪರಸಿ ಕಲ್ಲು ಇದೇ ಪದರಗಳಿಂದ ದೊರೆಯುತ್ತದೆ. ಭೂಮಿಯ ಮೇಲೆ ಮರಗಿಡಗಳು ಹುಟ್ಟುವುದಕ್ಕಿಂತ ಬಹಳ ಹಿಂದೆಯೇ, ಪುರಾತನ ಸಮುದ್ರದ ತಳದಲ್ಲಿ ಈ ಕಲ್ಲು ಸಂಚಯಗೊಂಡಿತು. ಕಲ್ಲಿದ್ದಲು ಸಸ್ಯಗಳ ಅವಶೇಷಗಳಿಂದ ಉಂಟಾಗುವುದರಿಂದ ಭೀಮಾ ಶ್ರೇಣಿಯಲ್ಲಿ ಅದು ಇರಲು ಸಾಧ್ಯವಿಲ್ಲ. ಭಾರತದ ಬಹುಪಾಲು ಕಲ್ಲಿದ್ದಲು ಅನಂತರದ ಗೊಂಡವಾನಾ ಕಾಲದ ಪದರಗಳಲ್ಲಿದ್ದು, ಈ ಜಿಲ್ಲೆಗೆ ಸಮೀಪದ ಅಂತಹ ನಿಕ್ಷೇಪವು ತೆಲಂಗಾಣದ ಗೋದಾವರಿ ಕಣಿವೆಯಲ್ಲಿದೆ.

ಗೋದಾವರಿ ಕಣಿವೆಯ ಎಲ್ಲಂದು ಸಮೀಪ ಕಲ್ಲಿದ್ದಲು ಇರುವುದನ್ನು 1871ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಡಾ. ವಿಲಿಯಂ ಕಿಂಗ್ ಅವರು ಗುರುತಿಸಿದರು. ಈ ಗಣಿಗಳನ್ನು ನಡೆಸುವ ಸಂಸ್ಥೆಯು 1920ರಿಂದ ಸಿಂಗರೇಣಿ ಕಾಲರೀಸ್ ಎಂಬ ಹೆಸರನ್ನು ಹೊಂದಿದೆ. ಮುಂಬಯಿ–ಮದರಾಸು ಮಾರ್ಗದಲ್ಲಿರುವ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮ್ ಸರ್ಕಾರದ ರೈಲು ಮಾರ್ಗವು 1874ರಲ್ಲಿ ಪ್ರಾರಂಭವಾಯಿತು. ಚಿತ್ತಾಪುರ ಮತ್ತು ಸೇಡಂ ಇದೇ ಮಾರ್ಗದಲ್ಲಿವೆ. ಹೀಗೆ ಒಂದು ಕಡೆ ಸುಣ್ಣದ ಕಲ್ಲು, ಇನ್ನೊಂದು ಕಡೆ ಕಲ್ಲಿದ್ದಲು, ಇವೆರಡನ್ನೂ ಕೂಡಿಸುವ ರೈಲು ಮಾರ್ಗ ಒದಗಿದ ಕಾರಣ ಈ ಪ್ರದೇಶದಲ್ಲಿ ಸಿಮೆಂಟ್ ಉದ್ದಿಮೆಗೆ ಅನುಕೂಲವಾಯಿತು. ಶಹಾಬಾದದಲ್ಲಿ 1920ರ ದಶಕದಲ್ಲಿ ಸ್ಥಾಪಿತವಾದ ಸಿಮೆಂಟ್ ಕಂಪನಿಯು 1936ರಲ್ಲಿ ಎ.ಸಿ.ಸಿ. ಸಮೂಹದಲ್ಲಿ ವಿಲೀನವಾಯಿತು. ಆ ಹಳೆಯ ಕಾರ್ಖಾನೆ ಈಗ ಸ್ಥಗಿತಗೊಂಡಿದೆ. ವಾಡಿಯ ಕಾರ್ಖಾನೆ 1968ರಲ್ಲಿ ಉತ್ಪಾದನೆ ಪ್ರಾರಂಭಿಸಿತು. ಅನಂತರದ ದಶಕಗಳಲ್ಲಿ ಸೇಡಂ, ಮಳಖೇಡ, ಇಟಗಾ, ಕೊಡ್ಲಾ ಮತ್ತು ಚಿಂಚೋಳಿ ತಾಲ್ಲೂಕಿನ ಛತ್ರಸಾಲ ಮುಂತಾದ ಕಡೆಗಳಲ್ಲಿ ಹೊಸ ಕಾರ್ಖಾನೆಗಳು ಸ್ಥಾಪಿತವಾದವು.

ಡಾ. ಸೈಯದ್ ಹುಸೇನ್ ಜಹೀರ್ ಮತ್ತು ಹೈದರಾಬಾದ್ ಪ್ರಯೋಗಾಲಯ

ಗುಲಬರ್ಗಾ, ರಾಯಚೂರು ಮತ್ತು ಬೀದರ್ ಜಿಲ್ಲೆಗಳು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದ ಭಾಗವಾಗಿದ್ದವು. ಆ ರಾಜ್ಯದ ಕೈಗಾರಿಕೆಗಳಿಗೆ ನೆರವಾಗಲು 1944ರಲ್ಲಿ ಹೈದರಾಬಾದಿನಲ್ಲಿ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನೆಯ ಕೇಂದ್ರೀಯ ಪ್ರಯೋಗಾಲಯಗಳನ್ನು ಸ್ಥಾಪಿಸಲಾಯಿತು. ಆದುದರಿಂದ ಸೇಡಂ, ಚಿತ್ತಾಪುರ ಮತ್ತು ಚಿಂಚೋಳಿಯ ಜನರಿಗೆ ಅದು ನೆರೆರಾಜ್ಯದ ಸಂಸ್ಥೆಯಾಗಿರದೆ ತಮ್ಮದೇ ರಾಜ್ಯದ ಪ್ರಯೋಗಾಲಯವಾಗಿತ್ತು.

ಡಾ. ಜಹೀರ್ ಅವರು 1901ರಲ್ಲಿ ಜನಿಸಿದರು. ಉರ್ದು ಲೇಖಕ ಸಜ್ಜಾದ್ ಜಹೀರ್ ಅವರು ಇವರ ಸಹೋದರರು. ಇಂಗ್ಲೆಂಡಿನ ಆಕ್ಸ್‌ಫರ್ಡ್ ಮತ್ತು ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ವ್ಯಾಸಂಗ ಮಾಡಿದ ಅವರು ಸಾವಯವ ರಸಾಯನಶಾಸ್ತ್ರದಲ್ಲಿ ಪರಿಣತಿ ಪಡೆದು ಲಖನೌ ವಿಶ್ವವಿದ್ಯಾಲಯದಲ್ಲಿ ಬೋಧಿಸಿದರು. 1948ರಲ್ಲಿ ಹೈದರಾಬಾದ್ ಪ್ರಯೋಗಾಲಯಗಳ ನಿರ್ದೇಶಕರಾದರು. 1956ರಲ್ಲಿ ಈ ಸಂಸ್ಥೆಯು ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಗೆ ಸೇರಿ ಪ್ರಾದೇಶಿಕ ಸಂಶೋಧನಾ ಪ್ರಯೋಗಾಲಯ ಎಂಬ ಹೆಸರು ಪಡೆಯಿತು. 1989ರಿಂದ ಅದು ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆ ಎಂದು ಕರೆಯಲ್ಪಡುತ್ತಿದೆ. ಡಾ. ಜಹೀರ್ ಅವರು 1962ರಿಂದ 1966ರವರೆಗೆ ಸದರಿ ಮಂಡಳಿಯ ಮಹಾನಿರ್ದೇಶಕರಾಗಿದ್ದರು. 1975ರಲ್ಲಿ ನಿಧನರಾದರು.

ಅವರ ನಿರ್ದೇಶನದ ಅವಧಿಯಲ್ಲಿ ಪ್ರಯೋಗಾಲಯವು ಎಣ್ಣೆಬೀಜ, ಔಷಧಿ ಮತ್ತು ಪಿಂಗಾಣಿಯ ಜೊತೆಗೆ ಸ್ಥಳೀಯ ಕಲ್ಲಿದ್ದಲಿನ ಸದುಪಯೋಗವನ್ನು ಮುಖ್ಯ ವಿಷಯವಾಗಿ ಕೈಗೊಂಡಿತು. ಸಿಂಗರೇಣಿಯ ಕಲ್ಲಿದ್ದಲು ಉಕ್ಕಿನ ಕುಲುಮೆಗೆ ಬೇಕಾದ ಗಟ್ಟಿ ಕೋಕ್ ಆಗಿ ಮಾರ್ಪಡುವುದಿಲ್ಲ. ಅದನ್ನು ಹಾಗೆಯೇ ಒಲೆಯಲ್ಲಿ ಉರಿಸಿದರೆ ದಟ್ಟ ಹೊಗೆ ಬರುತ್ತದೆ. ಇಂತಹ ಕಲ್ಲಿದ್ದಲನ್ನು ಗಾಳಿ ಸೋಕದಂತೆ ಸುಮಾರು 500ರಿಂದ 700 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕಾಯಿಸಿದರೆ ಹೊಗೆರಹಿತ ಮೆದು ಕೋಕ್, ಟಾರು ಮತ್ತು ಉರಿಯುವ ಅನಿಲ ಬೇರ್ಪಡುತ್ತವೆ. ಇದಕ್ಕೆ ಕಡಿಮೆ ಉಷ್ಣತೆಯ ಕಾರ್ಬನೀಕರಣ ಎಂದು ಹೆಸರು. ಮೆದು ಕೋಕ್ ಅಡುಗೆಯ ಇಂಧನವಾಗಿ ಸೌದೆಯ ಬದಲಿಗೆ ಬಳಕೆಯಾಗಬಹುದು. ಟಾರಿನಿಂದ ಫೀನಾಲ್ ಮುಂತಾದ ರಾಸಾಯನಿಕಗಳನ್ನು ಪಡೆಯಬಹುದು. ಈ ವಿಧಾನವನ್ನು ಪರೀಕ್ಷಿಸಲು ಹೈದರಾಬಾದಿನಲ್ಲಿ ಪ್ರಾಯೋಗಿಕ ಸ್ಥಾವರವನ್ನು ನಡೆಸಲಾಯಿತು. ಸಾವಯವ ರಸಾಯನಶಾಸ್ತ್ರಜ್ಞರೊಬ್ಬರು ಮುಖ್ಯಸ್ಥರಾಗಿದ್ದ ಸಂಸ್ಥೆಯಲ್ಲಿ ಕಲ್ಲಿದ್ದಲನ್ನು ಕೇವಲ ಉರುವಲು ಎಂದು ಭಾವಿಸದೆ ರಾಸಾಯನಿಕಗಳ ಮೂಲವೆಂದು ಪರಿಗಣಿಸಿದ್ದು ಈ ಕಾರ್ಯದ ವೈಶಿಷ್ಟ್ಯ. ಮುಂದಿನ ದಶಕಗಳಲ್ಲಿ ಇದೇ ಸಂಸ್ಥೆಯಲ್ಲಿ ಹೆಚ್ಚು ಬೂದಿಯ ಕಲ್ಲಿದ್ದಲನ್ನು ಒತ್ತಡದಲ್ಲಿ ಅನಿಲವಾಗಿ ಪರಿವರ್ತಿಸುವ ಪ್ರಯೋಗಗಳೂ ನಡೆದವು.

ರಾಷ್ಟ್ರಮಟ್ಟದಲ್ಲಿ ಧನಬಾದ್ ಸಮೀಪದ ದಿಗ್ವಾಡಿಹದಲ್ಲಿ 1950ರಲ್ಲಿ ಉದ್ಘಾಟನೆಯಾದ ಕೇಂದ್ರೀಯ ಇಂಧನ ಸಂಶೋಧನಾ ಸಂಸ್ಥೆಯು ಈ ಕ್ಷೇತ್ರದ ಮುಖ್ಯ ಕೇಂದ್ರವಾಗಿತ್ತು. 2007ರಲ್ಲಿ ಅದನ್ನು ಗಣಿ ಸಂಶೋಧನಾ ಸಂಸ್ಥೆಯೊಂದಿಗೆ ವಿಲೀನಗೊಳಿಸಿ ಕೇಂದ್ರೀಯ ಗಣಿ ಮತ್ತು ಇಂಧನ ಸಂಶೋಧನಾ ಸಂಸ್ಥೆಯನ್ನು ರಚಿಸಲಾಯಿತು.

ಕಲ್ಲಿದ್ದಲಿನ ಪರೀಕ್ಷೆ

ಪ್ರಯೋಗಾಲಯದಲ್ಲಿ ಕಲ್ಲಿದ್ದಲಿನ ನಾಲ್ಕು ಅಂಶಗಳನ್ನು ಪ್ರಾಥಮಿಕವಾಗಿ ಅಳೆಯಲಾಗುತ್ತದೆ.

1. ತೇವಾಂಶ: ಇದನ್ನು ಆವಿಯಾಗಿಸಲು ಶಾಖ ವ್ಯಯವಾಗುತ್ತದೆ.

2. ಆವಿಶೀಲ ಪದಾರ್ಥ: ಗಾಳಿಯಿಲ್ಲದೆ ಕಾಯಿಸಿದಾಗ ಅನಿಲ ಮತ್ತು ಟಾರಿನ ರೂಪದಲ್ಲಿ ಹೊರಬರುವ ಭಾಗ. ಇದು ಹೆಚ್ಚಿದ್ದರೆ ಕಲ್ಲಿದ್ದಲು ಬೇಗ ಹೊತ್ತಿಕೊಳ್ಳುತ್ತದೆ.

3. ಸ್ಥಿರ ಇಂಗಾಲ: ಆವಿಶೀಲ ಪದಾರ್ಥ ಹೊರಟುಹೋದ ಮೇಲೆ ನಿಧಾನವಾಗಿ ಉರಿಯುವ ಭಾಗ.

4. ಬೂದಿ: ಉರಿಯದೆ ಉಳಿಯುವ ಖನಿಜಾಂಶ.

ಇವುಗಳ ಜೊತೆಗೆ, ಉಕ್ಕಿನ ಪಾತ್ರೆಯೊಳಗೆ ಆಮ್ಲಜನಕ ತುಂಬಿ ಮಾದರಿಯನ್ನು ಪೂರ್ಣವಾಗಿ ಉರಿಸಿ, ಸುತ್ತಲಿನ ನೀರಿನ ಉಷ್ಣತೆ ಎಷ್ಟು ಏರಿತೆಂಬುದರ ಆಧಾರದ ಮೇಲೆ ಶಾಖಮೌಲ್ಯವನ್ನು ನಿರ್ಧರಿಸಲಾಗುತ್ತದೆ. 2012ರಿಂದ ಭಾರತದಲ್ಲಿ ಕೋಕ್ ಆಗದ ಕಲ್ಲಿದ್ದಲನ್ನು ಒಟ್ಟು ಶಾಖಮೌಲ್ಯದ ಆಧಾರದ ಮೇಲೆ ಜಿ-1ರಿಂದ ಜಿ-17ರವರೆಗೆ 17 ದರ್ಜೆಗಳಾಗಿ ವಿಂಗಡಿಸಲಾಗುತ್ತಿದೆ. ಕೆ.ಜಿ.ಗೆ 7000 ಕಿಲೊಕ್ಯಾಲರಿಗಿಂತ ಹೆಚ್ಚಿನದು ಜಿ-1 ಆಗಿದ್ದು, 2200ರಿಂದ 2500 ಕಿಲೊಕ್ಯಾಲರಿಯದು ಜಿ-17 ಆಗಿರುತ್ತದೆ. ಬೆಲೆಯು ದರ್ಜೆಯನ್ನು ಅವಲಂಬಿಸಿರುವುದರಿಂದ, ಮಾದರಿಯನ್ನು ಸರಿಯಾಗಿ ಸಂಗ್ರಹಿಸುವುದು ಪರೀಕ್ಷೆಯಷ್ಟೇ ಮುಖ್ಯವಾಗಿದೆ. ಒಂದು ರೈಲಿನ ಸಾವಿರಾರು ಟನ್ ಸರಕಿನ ದರ್ಜೆಯು ಅಂತಿಮವಾಗಿ ಒಂದು ಗ್ರಾಂನಷ್ಟು ಪುಡಿಯ ಪರೀಕ್ಷೆಯಿಂದ ನಿರ್ಣಯವಾಗುತ್ತದೆ.

ಸಿಮೆಂಟ್ ಗೂಡಿನಲ್ಲಿ ಕಲ್ಲಿದ್ದಲು

ಸುಣ್ಣದ ಕಲ್ಲಿನ ಪುಡಿಗೆ ಜೇಡಿ ಮತ್ತು ಕಬ್ಬಿಣಾಂಶದ ವಸ್ತುಗಳನ್ನು ಬೆರೆಸಿ ಕಾಯಿಸಿದಾಗ ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ವಿಭಜನೆಗೊಂಡು ಸುಣ್ಣ ಮತ್ತು ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಶುದ್ಧ ಕ್ಯಾಲ್ಸಿಯಂ ಕಾರ್ಬೊನೇಟ್‌ನ 100 ಕೆ.ಜಿ.ಯಲ್ಲಿ 44 ಕೆ.ಜಿ. ಅನಿಲವಾಗಿ ಹೋಗುತ್ತದೆ. ಮುಂದೆ ಸುಮಾರು 1450 ಡಿಗ್ರಿಯಲ್ಲಿ ಸುಣ್ಣವು ಸಿಲಿಕಾದೊಂದಿಗೆ ಕೂಡಿ ಕ್ಲಿಂಕರ್ ಎಂಬ ಗಟ್ಟಿ ಉಂಡೆಗಳಾಗುತ್ತದೆ. ಕ್ಲಿಂಕರನ್ನು ಜಿಪ್ಸಂ ಜೊತೆ ಅರೆದರೆ ಸಿಮೆಂಟ್ ದೊರೆಯುತ್ತದೆ.

ಹಳೆಯ ಹಸಿ ವಿಧಾನದಲ್ಲಿ ಕಚ್ಚಾ ವಸ್ತುವನ್ನು ನೀರಿನೊಡನೆ ಕಲಸಿ ಗೂಡಿಗೆ ಬಿಡಲಾಗುತ್ತಿತ್ತು. ಆ ನೀರನ್ನು ಆವಿಯಾಗಿಸಬೇಕಾದ ಕಾರಣ ಪ್ರತಿ ಕೆ.ಜಿ. ಕ್ಲಿಂಕರಿಗೆ 1300 ಕಿಲೊಕ್ಯಾಲರಿ ಅಥವಾ ಅದಕ್ಕೂ ಹೆಚ್ಚು ಶಾಖ ಬೇಕಾಗುತ್ತಿತ್ತು. ಈಗಿನ ಒಣ ವಿಧಾನದಲ್ಲಿ ಗೂಡಿನಿಂದ ಹೊರಬರುವ ಬಿಸಿ ಗಾಳಿಯಿಂದಲೇ ಪುಡಿಯನ್ನು ಮೊದಲು ಕಾಯಿಸುವುದರಿಂದ ಸುಮಾರು 700ರಿಂದ 750 ಕಿಲೊಕ್ಯಾಲರಿ ಸಾಕಾಗುತ್ತದೆ. ಕಾರ್ಖಾನೆಗಳಲ್ಲಿ ದೂರಕ್ಕೆ ಕಾಣುವ ಎತ್ತರದ ಗೋಪುರವು ಇದೇ ಪೂರ್ವತಾಪಕ ಗೋಪುರವಾಗಿದೆ.

ಉದಾಹರಣೆಗೆ, ಕೆ.ಜಿ.ಗೆ 4500 ಕಿಲೊಕ್ಯಾಲರಿ ಶಾಖಮೌಲ್ಯ ಮತ್ತು ಶೇ. 35 ಬೂದಿಯಿರುವ ಕಲ್ಲಿದ್ದಲನ್ನು ಪರಿಗಣಿಸಬಹುದು. ಕ್ಲಿಂಕರಿಗೆ 720 ಕಿಲೊಕ್ಯಾಲರಿ ಬೇಕಿದ್ದರೆ ಒಂದು ಟನ್ ಕ್ಲಿಂಕರಿಗೆ 160 ಕೆ.ಜಿ. ಕಲ್ಲಿದ್ದಲು ಬೇಕಾಗುತ್ತದೆ. ಅದರಿಂದ 56 ಕೆ.ಜಿ. ಬೂದಿ ಉಂಟಾಗುತ್ತದೆ. ವಿದ್ಯುತ್ ಸ್ಥಾವರದಲ್ಲಿ ಇಂತಹ ಬೂದಿ ಹೊರಗೆ ರಾಶಿಯಾಗುತ್ತದೆ. ಸಿಮೆಂಟ್ ಗೂಡಿನಲ್ಲಾದರೆ ಅದು ಕ್ಲಿಂಕರಿನೊಳಗೇ ಸೇರಿಕೊಳ್ಳುತ್ತದೆ. ಬೂದಿಯಲ್ಲಿ ಸಿಲಿಕಾ ಮತ್ತು ಅಲ್ಯೂಮಿನಾ ಅಧಿಕವಾಗಿರುವುದರಿಂದ ಅದಕ್ಕೆ ಹೊಂದುವಂತೆ ಕಚ್ಚಾ ಮಿಶ್ರಣದಲ್ಲಿ ಸುಣ್ಣದ ಪ್ರಮಾಣವನ್ನು ಮೊದಲೇ ಹೆಚ್ಚಿಸಬೇಕಾಗುತ್ತದೆ. ಕಲ್ಲಿದ್ದಲಿನ ಬೂದಿ ದಿನದಿಂದ ದಿನಕ್ಕೆ ಏರುಪೇರಾದರೆ ಸಿಮೆಂಟಿನ ಬಲವೂ ಏರುಪೇರಾಗುತ್ತದೆ. ಮನೆ ಕಟ್ಟುವವರ ಕೈಗೆ ಬರುವ ಚೀಲದ ಗುಣಮಟ್ಟವು ಹೀಗೆ ದೂರದ ಗಣಿಯ ಕಲ್ಲಿದ್ದಲಿನೊಂದಿಗೆ ಸಂಬಂಧ ಹೊಂದಿದೆ.

ಗಂಧಕ, ಪೆಟ್‌ಕೋಕ್ ಮತ್ತು ಹಾರುಬೂದಿ

ತೈಲ ಶುದ್ಧೀಕರಣ ಘಟಕಗಳ ಉಪ ಉತ್ಪನ್ನವಾದ ಪೆಟ್‌ಕೋಕ್‌ನಲ್ಲಿ ಬೂದಿ ಅತಿ ಕಡಿಮೆ, ಶಾಖಮೌಲ್ಯ ಹೆಚ್ಚು. ಆದರೆ ಗಂಧಕದ ಪ್ರಮಾಣವೂ ಹೆಚ್ಚು. ಸರ್ವೋಚ್ಚ ನ್ಯಾಯಾಲಯವು 2017ರ ಅಕ್ಟೋಬರ್‌ನಲ್ಲಿ ಉತ್ತರ ಪ್ರದೇಶ, ಹರಿಯಾಣ ಮತ್ತು ರಾಜಸ್ಥಾನಗಳಲ್ಲಿ ಇದರ ಬಳಕೆಯನ್ನು ನಿಷೇಧಿಸಿ, ಅದೇ ವರ್ಷದ ಡಿಸೆಂಬರ್‌ನಲ್ಲಿ ಸಿಮೆಂಟ್ ಉದ್ದಿಮೆಗೆ ವಿನಾಯಿತಿ ನೀಡಿತು. ಗೂಡಿನಲ್ಲಿರುವ ಸುಣ್ಣವು ಗಂಧಕದ ಡೈಆಕ್ಸೈಡನ್ನು ಬಹುಮಟ್ಟಿಗೆ ಹೀರಿಕೊಂಡು ಕ್ಲಿಂಕರಿನಲ್ಲಿ ಉಳಿಸಿಕೊಳ್ಳುವುದು ಇದಕ್ಕೆ ವೈಜ್ಞಾನಿಕ ಕಾರಣವಾಗಿದೆ. ಪೆಟ್‌ಕೋಕ್‌ನಲ್ಲಿ ಆವಿಶೀಲ ಪದಾರ್ಥ ಕಡಿಮೆಯಿರುವುದರಿಂದ ಅದು ಪೂರ್ಣವಾಗಿ ಉರಿಯಲು ಕಲ್ಲಿದ್ದಲಿಗಿಂತ ನುಣ್ಣಗೆ ಅರೆಯಬೇಕಾಗುತ್ತದೆ.

ವಿದ್ಯುತ್ ಸ್ಥಾವರಗಳ ಹಾರುಬೂದಿಯನ್ನು ಕ್ಲಿಂಕರಿನೊಂದಿಗೆ ಅರೆದು ಪೋಝೊಲಾನಾ ಸಿಮೆಂಟ್ ತಯಾರಿಸಲಾಗುತ್ತದೆ. ಭಾರತೀಯ ಮಾನಕದ ಪ್ರಕಾರ ಹಾರುಬೂದಿಯ ಪ್ರಮಾಣ ಶೇ. 15ರಿಂದ 35ರವರೆಗೆ ಇರಬಹುದು. ರಾಯಚೂರು ಜಿಲ್ಲೆಯ ಶಕ್ತಿನಗರದಲ್ಲಿ 1985ರಲ್ಲಿ ಮೊದಲ ಘಟಕ ಪ್ರಾರಂಭವಾದ, ಒಟ್ಟು 1720 ಮೆಗಾವಾಟ್ ಸಾಮರ್ಥ್ಯದ ಶಾಖೋತ್ಪನ್ನ ವಿದ್ಯುತ್ ಕೇಂದ್ರವಿದೆ. ಕ್ಲಿಂಕರಿನ ಬಳಕೆ ಕಡಿಮೆಯಾದಷ್ಟೂ ಸುಣ್ಣದ ಕಲ್ಲು, ಕಲ್ಲಿದ್ದಲು ಮತ್ತು ಇಂಗಾಲದ ಡೈಆಕ್ಸೈಡ್ ಮೂರರಲ್ಲಿಯೂ ಉಳಿತಾಯವಾಗುತ್ತದೆ.

ಪರ್ಯಾಯ ಇಂಧನ

ಕಲಬುರಗಿ ಜಿಲ್ಲೆಯು ತೊಗರಿಯ ಕಣಜವೆಂದು ಪ್ರಸಿದ್ಧವಾಗಿದೆ. ಕಟಾವಿನ ನಂತರ ಉಳಿಯುವ ತೊಗರಿ ಕಟ್ಟಿಗೆಯು ಗ್ರಾಮೀಣ ಮನೆಗಳ ಒಲೆಗೆ ಉರುವಲಾಗಿದೆ. ಕಲ್ಲಿದ್ದಲಿಗೆ ಹೋಲಿಸಿದರೆ ಇದರಲ್ಲಿ ಬೂದಿ ಮತ್ತು ಗಂಧಕ ಬಹಳ ಕಡಿಮೆ. ಆದರೆ ತೂಕಕ್ಕಿಂತ ಗಾತ್ರ ಹೆಚ್ಚಾಗಿರುವುದರಿಂದ ಸಾಗಣೆ ವೆಚ್ಚ ಅಧಿಕ. ಕೃಷಿ ಮತ್ತು ಸಸ್ಯಜನ್ಯ ಉರುವಲನ್ನು ಅನಿಲವಾಗಿಸುವ ತಂತ್ರಜ್ಞಾನದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎಚ್.ಎಸ್. ಮುಕುಂದ ಮತ್ತು ಅವರ ಸಹೋದ್ಯೋಗಿಗಳ ಕಾರ್ಯವು ಹೆಸರಾಗಿದೆ. ಈ ಸಂಸ್ಥೆಯ ತಂತ್ರಜ್ಞಾನದಿಂದ ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ 1988ರಲ್ಲಿ ಸೌದೆಯ ಅನಿಲದಿಂದ ವಿದ್ಯುತ್ ಉತ್ಪಾದನೆ ಪ್ರಾರಂಭವಾಯಿತು. ಹೈದರಾಬಾದಿನಲ್ಲಿ ಕಲ್ಲಿದ್ದಲಿಗೆ ಅನ್ವಯಿಸಿದ ಅನಿಲೀಕರಣದ ತತ್ವವೇ ಇಲ್ಲಿ ಸೌದೆಗೆ ಅನ್ವಯವಾಗಿದೆ.

ಧೂಳು ಮತ್ತು ಸುರಕ್ಷತೆ

ಅಪೂರ್ಣ ದಹನವಾದಾಗ ಇಂಗಾಲದ ಮಾನಾಕ್ಸೈಡ್ ಉಂಟಾಗುತ್ತದೆ. ಸ್ಥಿರವಿದ್ಯುತ್ ಧೂಳು ಸಂಗ್ರಾಹಕದೊಳಗೆ ಈ ಅನಿಲ ಮಿತಿ ಮೀರಿದರೆ ಸ್ಫೋಟ ಸಂಭವಿಸಬಹುದಾದ್ದರಿಂದ ಯಂತ್ರವು ತಾನಾಗಿಯೇ ನಿಲ್ಲುವ ವ್ಯವಸ್ಥೆ ಇರುತ್ತದೆ. ಅದು ನಿಂತ ಕೆಲವು ನಿಮಿಷ ಚಿಮಣಿಯಿಂದ ದಟ್ಟ ಧೂಳು ಹೊರಬರುತ್ತದೆ. ಬಟ್ಟೆ ಚೀಲದ ಶೋಧಕಗಳಲ್ಲಿ ವಿದ್ಯುತ್ ಕಿಡಿಯ ಸಂಭವವಿಲ್ಲದ ಕಾರಣ ಈ ತೊಂದರೆ ಇರುವುದಿಲ್ಲ. ಚಿಮಣಿಯಿಂದ ಒಮ್ಮೊಮ್ಮೆ ಮಾತ್ರ ಧೂಳು ಕಂಡುಬಂದಲ್ಲಿ ಅದರ ದಿನಾಂಕ, ಸಮಯ ಮತ್ತು ಅವಧಿಯನ್ನು ಬರೆದಿಟ್ಟುಕೊಳ್ಳುವುದು ಉಪಯುಕ್ತ. ಅದನ್ನು ಕಾರ್ಖಾನೆಯ ನಿರಂತರ ಮಾಪನ ದಾಖಲೆಗಳೊಂದಿಗೆ ಹೋಲಿಸಬಹುದಾಗಿದೆ. ಸಿಮೆಂಟ್ ಗೂಡಿನಿಂದ ಹೊರಬರುವ ಧೂಳಿನ ಕಣಗಳಿಗೆ ಸಾಮಾನ್ಯವಾಗಿ ಅನ್ವಯವಾಗುವ ಮಿತಿ ಪ್ರತಿ ಘನ ಮೀಟರಿಗೆ 30 ಮಿಲಿಗ್ರಾಂ ಆಗಿದೆ.

ಕಲ್ಲಿದ್ದಲಿನ ರಾಶಿಯು ಗಾಳಿಯ ಆಮ್ಲಜನಕದೊಂದಿಗೆ ನಿಧಾನವಾಗಿ ವರ್ತಿಸಿ ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಹೊಗೆಯಾಡುವ ರಾಶಿಯ ಮೇಲೆ ಹತ್ತುವುದು ಅಥವಾ ಅದರಿಂದ ಕಲ್ಲಿದ್ದಲು ಆಯುವುದು ಪ್ರಾಣಾಪಾಯಕರ. ಕಲ್ಲಿದ್ದಲನ್ನು ಕಿಟಕಿಯಿಲ್ಲದ ಕೋಣೆಯಲ್ಲಿ ಉರಿಸಬಾರದು. ಇಂಗಾಲದ ಮಾನಾಕ್ಸೈಡಿಗೆ ಬಣ್ಣವಾಗಲಿ ವಾಸನೆಯಾಗಲಿ ಇಲ್ಲದಿರುವುದರಿಂದ ಮಲಗಿದವರಿಗೆ ಅಪಾಯದ ಅರಿವಾಗುವುದಿಲ್ಲ.

ನಾಗರಿಕರಿಗೆ ಲಭ್ಯವಿರುವ ಅವಕಾಶಗಳು

1. ಸಾರ್ವಜನಿಕ ಅಹವಾಲು ಸಭೆ: ವರ್ಷಕ್ಕೆ 10 ಲಕ್ಷ ಟನ್ ಅಥವಾ ಹೆಚ್ಚು ಸಾಮರ್ಥ್ಯದ ಹೊಸ ಸಿಮೆಂಟ್ ಕಾರ್ಖಾನೆಗೆ ಪರಿಸರ ಪರಿಣಾಮ ಅಧ್ಯಯನದ 2006ರ ಅಧಿಸೂಚನೆಯಂತೆ ಕೇಂದ್ರ ಸರ್ಕಾರದ ಪೂರ್ವಾನುಮತಿ ಅಗತ್ಯ. ಇದರ ಭಾಗವಾಗಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯು ಅಹವಾಲು ಸಭೆಯನ್ನು ಏರ್ಪಡಿಸುತ್ತದೆ. ಇದಕ್ಕೆ ಕನಿಷ್ಠ 30 ದಿನಗಳ ಮುಂಚಿತ ಪ್ರಕಟಣೆ ನೀಡಬೇಕು. ಅಧ್ಯಯನ ವರದಿಯ ಸಾರಾಂಶವು ಕನ್ನಡದಲ್ಲಿಯೂ ಲಭ್ಯವಿರಬೇಕು. ಯೋಜನೆಯಿಂದ ಬಾಧಿತರಾಗುವ ಸ್ಥಳೀಯರು ಸಭೆಯಲ್ಲಿ ಮೌಖಿಕವಾಗಿ ಮಾತನಾಡಬಹುದು. ಲಿಖಿತ ಅಹವಾಲನ್ನೂ ಸಲ್ಲಿಸಬಹುದು.

2. ಸಭೆಯಲ್ಲಿ ಕೇಳಬಹುದಾದ ಇಂಧನ ಸಂಬಂಧಿ ಅಂಶಗಳು: ಬಳಸಲಿರುವ ಇಂಧನ ಯಾವುದು, ಅದರ ಬೂದಿ ಮತ್ತು ಗಂಧಕದ ಪ್ರಮಾಣವೆಷ್ಟು, ಧೂಳು ಸಂಗ್ರಾಹಕದ ವಿಧ ಯಾವುದು, ಕಲ್ಲಿದ್ದಲಿನ ರಾಶಿಗೆ ಮುಚ್ಚಿದ ಕಟ್ಟಡವಿದೆಯೇ, ಸಾಗಣೆ ರೈಲಿನಲ್ಲಿಯೋ ರಸ್ತೆಯಲ್ಲಿಯೋ.

3. ಅನುಪಾಲನಾ ವರದಿ: ಪರಿಸರ ಅನುಮತಿ ಪಡೆದ ಸಂಸ್ಥೆಯು ಷರತ್ತುಗಳ ಪಾಲನೆಯ ಬಗ್ಗೆ ಅರ್ಧವಾರ್ಷಿಕ ವರದಿಯನ್ನು ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ರಂದು ಸಲ್ಲಿಸಬೇಕೆಂದು ಸದರಿ ಅಧಿಸೂಚನೆ ವಿಧಿಸಿದೆ. ಇವು ಸಾರ್ವಜನಿಕ ದಾಖಲೆಗಳಾಗಿವೆ.

4. ಮಾಹಿತಿ ಹಕ್ಕು: 2005ರ ಅಧಿನಿಯಮದಡಿ ರೂ. 10 ಶುಲ್ಕದೊಂದಿಗೆ ಸಂಬಂಧಪಟ್ಟ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಸಲ್ಲಿಸಬಹುದು. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕ ವಿನಾಯಿತಿ ಇದೆ. ರಾಜ್ಯದ ನಿಯಮದಂತೆ ಅರ್ಜಿಯು ಒಂದೇ ವಿಷಯಕ್ಕೆ ಸಂಬಂಧಿಸಿದ್ದು ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. ಉತ್ತರ ನೀಡಲು 30 ದಿನಗಳ ಕಾಲಾವಕಾಶವಿರುತ್ತದೆ.

5. ಮೇಲ್ಮನವಿ: ಪರಿಸರ ಅನುಮತಿಯ ಆದೇಶದಿಂದ ಬಾಧಿತರಾದವರು ಆದೇಶ ತಿಳಿದ 30 ದಿನಗಳೊಳಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಸಲ್ಲಿಸಬಹುದು. ಸಕಾರಣವಿದ್ದಲ್ಲಿ ಇನ್ನೂ 60 ದಿನಗಳವರೆಗೆ ಅವಕಾಶ ನೀಡಲು ನ್ಯಾಯಮಂಡಳಿಗೆ ಅಧಿಕಾರವಿದೆ. ಅನಂತರ ಬಂದ ಮೇಲ್ಮನವಿಯನ್ನು ಸ್ವೀಕರಿಸಲು ಅವಕಾಶವಿಲ್ಲ. ಕರ್ನಾಟಕವು ಚೆನ್ನೈನಲ್ಲಿರುವ ದಕ್ಷಿಣ ವಲಯ ಪೀಠದ ವ್ಯಾಪ್ತಿಗೆ ಸೇರಿದೆ.

ದೂರು ಅಥವಾ ಅಹವಾಲನ್ನು ಬರೆಯುವಾಗ ಗ್ರಾಮದ ಹೆಸರು, ಘಟನೆಯ ದಿನಾಂಕ, ಸಮಯ, ಗಾಳಿಯ ದಿಕ್ಕು ಹಾಗೂ ಆದ ಹಾನಿಯ ವಿವರವನ್ನು ನಮೂದಿಸುವುದು ಸೂಕ್ತ. ಸಲ್ಲಿಸಿದ ಪ್ರತಿಯೊಂದು ಅರ್ಜಿಗೂ ದಿನಾಂಕ ಸಹಿತ ಸ್ವೀಕೃತಿಯನ್ನು ಪಡೆದು ಕಾಯ್ದಿರಿಸಿಕೊಳ್ಳತಕ್ಕದ್ದು.